ಪರದೆಯ ಮುಂದೆ ಕುಳಿತ ಕನ್ನಡ

ವಿಭಾಗದ ಸಂಸ್ಮರಣ ಸಂಪುಟದಲ್ಲಿ ಕನ್ನಡದ ಅಧ್ಯಾಪಕನೊಬ್ಬ ಛಾಯಾಗ್ರಾಹಕರನ್ನು ಕುರಿತು, ಅದರಲ್ಲೂ ಉಡುಗೆ ತೊಡುಗೆಗಳನ್ನು ಚಿತ್ರಿಸಿ ಹೆಸರಾದವರನ್ನು ಕುರಿತು ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಹೈದರಾಬಾದಿನ ಕನ್ನಡವನ್ನು ನಾನು ಕೇಳುವ ಬಗೆಯನ್ನು ಬದಲಿಸಿದ್ದು ಯಾವ ಭಾಷಾವಿಜ್ಞಾನಿಯ ಗ್ರಂಥವೂ ಅಲ್ಲ. ಅಮೆರಿಕದ ಇರ್ವಿಂಗ್ ಪೆನ್ ತೆಗೆದ ಕೆಲವು ಚಿತ್ರಗಳು.

ಪೆನ್ (1917–2009) 'ವೋಗ್' ಪತ್ರಿಕೆಯ ಫ್ಯಾಷನ್ ಛಾಯಾಗ್ರಾಹಕರು. 1948ರ ಕೊನೆಯಲ್ಲಿ ಪತ್ರಿಕೆಯ ಕೆಲಸಕ್ಕಾಗಿ ಪೆರು ದೇಶಕ್ಕೆ ಹೋದವರು, ಕೆಲಸ ಮುಗಿದ ಮೇಲೆ ಆಂಡಿಸ್ ಪರ್ವತಗಳ ನಡುವಿನ ಕುಸ್ಕೊ ಪಟ್ಟಣದಲ್ಲಿ ಸ್ಥಳೀಯ ಛಾಯಾಗ್ರಾಹಕರೊಬ್ಬರ ಸ್ಟುಡಿಯೋವನ್ನು ಕ್ರಿಸ್‌ಮಸ್ ದಿನಗಳಲ್ಲಿ ಬಾಡಿಗೆಗೆ ಹಿಡಿದರು. ಹಬ್ಬಕ್ಕೆ ಚಿತ್ರ ತೆಗೆಸಿಕೊಳ್ಳಲು ಬಂದ ಜನರಿಂದ ದುಡ್ಡು ಪಡೆಯುವ ಬದಲು, ತಾವೇ ಅವರಿಗೆ ದುಡ್ಡು ಕೊಟ್ಟು ಕೂರಿಸಿದರು. ಮುಂದೆ ನೇಪಾಳ, ನ್ಯೂಗಿನಿ, ಮೊರಾಕೊ ಮೊದಲಾದೆಡೆ ಇದೇ ಕೆಲಸ ಮುಂದುವರಿಯಿತು. ಆ ಚಿತ್ರಗಳ ಪುಸ್ತಕ 1974ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಊರಿಲ್ಲ, ಮನೆಯಿಲ್ಲ, ಹೊಲವಿಲ್ಲ. ಹಿಂದೆ ಒಂದು ಪರದೆ, ಮೈಮೇಲೆ ಹಗಲಿನ ಬೆಳಕು, ಅಷ್ಟೆ. ಮನುಷ್ಯರನ್ನು ಅವರ ನೆಲದಿಂದ ಕಿತ್ತು ಪ್ರದರ್ಶನದ ವಸ್ತುವಾಗಿಸಿದರೆಂಬ ಆಕ್ಷೇಪವಿದೆ. ಅದು ಪೂರ್ತಿ ತಳ್ಳಿಹಾಕುವಂಥದೂ ಅಲ್ಲ. ಆದರೂ ನನಗೆ ಮುಖ್ಯವೆನಿಸಿದ್ದು ಬೇರೆ. ಆ ಜನ ತಮ್ಮ ಊರನ್ನು ಮೈಮೇಲೆಯೇ ಹೊತ್ತು ತಂದಿದ್ದಾರೆ. ಕಂಬಳಿ ಹೊದ್ದ ರೀತಿಯಲ್ಲಿ, ಕೈಯಿಟ್ಟುಕೊಂಡ ಬಗೆಯಲ್ಲಿ ಅದು ಕಾಣುತ್ತದೆ. ತಾವು ಹೇಗೆ ಕಾಣಬೇಕೆಂಬ ಅವರದೇ ತೀರ್ಮಾನವೂ ಅದರೊಡನೆ ಕಾಣುತ್ತದೆ.

ನಾನಿರುವ ಮಲ್ಕಾಜ್‌ಗಿರಿಗೆ ಮಗ್ಗುಲಾದ ಸಿಕಂದರಾಬಾದಿನಲ್ಲಿ ಇದಕ್ಕಿಂತ ಹಳೆಯ ಉದಾಹರಣೆಯೇ ಇದೆ. ಮೀರತ್ ಬಳಿಯ ಸರಧಾನಾದ ಲಾಲಾ ದೀನ್ ದಯಾಳರು (1844–1905) ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೋರಿನಲ್ಲಿ ಸರ್ಕಾರಿ ನೌಕರಿ ಮಾಡಿ, 1880ರ ದಶಕದಲ್ಲಿ ಇಲ್ಲಿ ಸ್ಟುಡಿಯೋ ತೆರೆದು, ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾದರು. ಇಂದಿನ ಅರ್ಥದಲ್ಲಿ ಅವರು ಫ್ಯಾಷನ್ ಛಾಯಾಗ್ರಾಹಕರಲ್ಲ. ಆದರೂ ಉಡುಪು ಬದಲಾದಂತೆ ವ್ಯಕ್ತಿಯೂ ಬೇರೆಯಾಗಿ ಕಾಣುವುದನ್ನು ಅವರಷ್ಟು ಬಲ್ಲವರು ಕಡಿಮೆ. ನಿಜಾಮರನ್ನೇ ದರ್ಬಾರಿನ ಉಡುಪಿನಲ್ಲಿ ಒಮ್ಮೆ, ಬೇಟೆಯ ಉಡುಪಿನಲ್ಲಿ ಒಮ್ಮೆ ನೋಡಿದರೆ ಇದು ತಿಳಿಯುತ್ತದೆ. 1892ರಲ್ಲಿ ಅವರು ಹೈದರಾಬಾದಿನಲ್ಲಿ ಗೋಷಾ ಸ್ತ್ರೀಯರಿಗಾಗಿಯೇ ಒಂದು ಜನಾನಾ ಸ್ಟುಡಿಯೋ ತೆರೆದು, ಅದನ್ನು ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆಯ ವಶಕ್ಕೆ ಕೊಟ್ಟರು. ಕ್ಯಾಮೆರಾದ ಹಿಂದೆ ಯಾರಿದ್ದಾರೆಂಬುದರ ಮೇಲೆ ಅದರ ಮುಂದೆ ಯಾರು ಕೂರುತ್ತಾರೆಂಬುದು ನಿಂತಿರುತ್ತದೆ. ಕ್ಷೇತ್ರಕಾರ್ಯದ ಕೈಪಿಡಿಗಳು ಪುಟಗಟ್ಟಲೆ ವಿವರಿಸುವ ಮಾತಿದು.

ಮಲ್ಕಾಜ್‌ಗಿರಿಯೂ ಉಡುಪು ಬದಲಿಸಿದ ಹೆಸರೇ. 'ಮಲ್ಲಿಕಾರ್ಜುನಗಿರಿ'ಯಿಂದ ಬಂದುದೆಂದು ಹೇಳುವುದುಂಟು. ಇಲ್ಲಿ ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದು ನೆಲೆಸಿದ ಕನ್ನಡದ ಮನೆಗಳಿವೆ. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಇವರು ಇಲ್ಲಿಯೇ ಉಳಿದರು. ಇವರ ಮಾತಿನಲ್ಲಿ ದಖನಿಯೂ ತೆಲುಗೂ ಬೆರೆತಿವೆ. ಮೈಸೂರಿನ ಕಡೆಯ ವಿದ್ವಾಂಸರೊಬ್ಬರು ಇದನ್ನು ಕೇಳಿ, "ಇದೂ ಕನ್ನಡವೇ?" ಎಂದು ನಕ್ಕದ್ದುಂಟು. ಆ ನಗು ನಮ್ಮ ವಿದ್ಯಾರ್ಥಿಗಳಿಗೆ ಎಷ್ಟು ನಾಟುತ್ತದೆಂಬುದನ್ನು ನಾನು ಬಲ್ಲೆ. ಮನೆಯ ಮಾತನ್ನು ಅವರು ತರಗತಿಯ ಹೊರಗೇ ಬಿಟ್ಟುಬರುತ್ತಾರೆ.

ನಮ್ಮ ಸಂಶೋಧನ ವಿದ್ಯಾರ್ಥಿನಿಯೊಬ್ಬಳು ಈ ಮಾತನ್ನೇ ವಿಷಯವಾಗಿ ಆರಿಸಿಕೊಂಡು, ಹುಮನಾಬಾದ್ ಕಡೆಯ ವೃದ್ಧೆಯೊಬ್ಬರ ಮಾತನ್ನು ಧ್ವನಿಮುದ್ರಿಸಿಕೊಳ್ಳಲು ಹೋದಳು. ನಾನೂ ಜೊತೆಗಿದ್ದೆ. ಯಂತ್ರವನ್ನು ಕಂಡ ಅಜ್ಜಿ ಒಳಗೆ ಹೋಗಿ, ಇಳಕಲ್ ಸೀರೆಯುಟ್ಟು ಬಂದು, ನೆಟ್ಟಗೆ ಕುಳಿತು, "ನಾನು ಹುಮನಾಬಾದಿನ ಸಮೀಪ ಜನಿಸಿದೆನು" ಎಂದು ಆರಂಭಿಸಿದರು. ಅರ್ಧ ಗಂಟೆ ಅಪ್ಪಟ ಪುಸ್ತಕದ ಕನ್ನಡ! ಅದು ಮುಗಿದ ಮೇಲೆ ಅಡುಗೆಮನೆಯಿಂದ, "ಜಲ್ದಿ ಬರ್ರಿ, ಚಾ ಆರ್ಲತ್ತದ" ಎಂಬ ಕೂಗು ಬಂತು. ಬಾಗಿಲಲ್ಲಿ ನಿಂತ ತರಕಾರಿಯವಳೊಡನೆ ತೆಲುಗು, ಪಕ್ಕದ ಮನೆಯ ಬೇಗಂ ಅವರೊಡನೆ ದಖನಿ.

ಅಸಹಜವೆಂದು ಮೊದಲ ಭಾಗವನ್ನು ಕೈಬಿಡಲು ಆಕೆ ಸಿದ್ಧಳಾಗಿದ್ದಳು. ಶಾಸ್ತ್ರದ ದೃಷ್ಟಿಯಿಂದ ಅದು ಸರಿ. ಗಮನಿಸುತ್ತಿದ್ದಾರೆಂಬ ಅರಿವಿಲ್ಲದ ಮಾತೇ ಸಹಜವೆಂದು ನಾವೇ ಕಲಿಸುತ್ತೇವೆ. ಇಬ್ಬರೂ ಛಾಯಾಗ್ರಾಹಕರು ನನ್ನ ನೆರವಿಗೆ ಬಂದದ್ದು ಆಗಲೇ. ನಿಜಾಮರ ಕಾಲದ ಶಾಲೆಯಲ್ಲಿ ಆ ಅಜ್ಜಿಗೆ ದೊರೆತದ್ದು ಉರ್ದು. ಕನ್ನಡದ ಅಕ್ಷರಗಳನ್ನು ರಾತ್ರಿ ಕಂದೀಲಿನ ಬೆಳಕಿನಲ್ಲಿ ತಂದೆ ತಿದ್ದಿಸಿದರಂತೆ. ಹೀಗೆ ಬಂದ ಪುಸ್ತಕದ ಕನ್ನಡ ಅವರ ಪಾಲಿಗೆ ಎರವಲಲ್ಲ, ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ರೇಷ್ಮೆ. ಪರದೆಯ ಮುಂದೆ ಕೂರುವಾಗ ಅದನ್ನು ಉಟ್ಟು ಬಂದವರಿಗೆ, ಬಿಚ್ಚಿ ಬನ್ನಿ, ನಿಮ್ಮ ನಿಜರೂಪ ಬೇಕು ಎನ್ನಲು ನಾವು ಯಾರು? ಅಡುಗೆಮನೆಯ ಮಾತೂ ಅವರದೇ, ಕುರ್ಚಿಯ ಮೇಲಿನ ಮಾತೂ ಅವರದೇ.

ಈ ನಾಡಿಗೆ ಇದು ಹೊಸದೂ ಅಲ್ಲ. ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ವೇಮುಲವಾಡ ಇಂದು ತೆಲಂಗಾಣದಲ್ಲಿದೆ. ಪಂಪನ ತಮ್ಮ ಜಿನವಲ್ಲಭ ಕುರ್ಕ್ಯಾಲದ ಬಂಡೆಯ ಮೇಲೆ ಹತ್ತನೆಯ ಶತಮಾನದಲ್ಲಿ ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಆ ಮನೆತನದ ಊರು ಯಾವುದೆಂದು ಪಂಡಿತರು ಸಾಕಷ್ಟು ಜಗಳವಾಡಿದ್ದಾರೆ. ಬಂಡೆಯ ಮುಂದೆ ನಿಂತು ಓದಿದರೆ, ಮೂರು ಭಾಷೆಗಳನ್ನೂ ಉಟ್ಟು ನಿಲ್ಲಲು ಜಿನವಲ್ಲಭನಿಗೆ ಯಾವ ಸಂಕೋಚವೂ ಇದ್ದಂತೆ ತೋರುವುದಿಲ್ಲ.

ಮುದ್ರಿಕೆಯ ಎರಡೂ ಭಾಗಗಳು ಈಗ ಪ್ರಬಂಧದಲ್ಲಿ ಉಳಿದಿವೆ. ಮಾತಾಡಿದವರು ಎಲ್ಲಿ ಕುಳಿತಿದ್ದರು, ಏನು ಉಟ್ಟಿದ್ದರು, ಎದುರಿಗೆ ಯಾರಿದ್ದರು ಎಂಬುದನ್ನು ಪ್ರತಿ ಮುದ್ರಿಕೆಯ ತಲೆಯಲ್ಲಿ ಬರೆಯುವುದನ್ನು ಆಕೆ ರೂಢಿಸಿಕೊಂಡಿದ್ದಾಳೆ. ಹೆಂಗಸರ ಮನೆಗಳಿಗೆ ನಾನು ಜೊತೆಗೆ ಹೋಗುವುದನ್ನು ನಿಲ್ಲಿಸಿದ್ದೇನೆ. ನಾನಿಲ್ಲದ ಮುದ್ರಿಕೆಗಳಲ್ಲಿ ನಗು ಹೆಚ್ಚು, ದಖನಿಯೂ ಹೆಚ್ಚು. ಅವುಗಳಲ್ಲಿನ ಕೆಲವು ಪದಗಳ ಅರ್ಥ ನಮಗಿನ್ನೂ ತಿಳಿದಿಲ್ಲ. ಉರ್ದು ವಿಭಾಗದ ಹಿರಿಯ ಮಿತ್ರರು ಮುಂದಿನ ವಾರ ಕುಳಿತು ಕೇಳೋಣವೆಂದಿದ್ದಾರೆ.