ಆಟದ ರೈಲಿಗೆ ಹಳತಿನ ಕಳೆ

ಮನೆಯ ಮಕ್ಕಳ ಸಲುವಾಗಿ ನಾವು ಒಂದು ಚಿಕ್ಕ ರೈಲುದಾರಿಯನ್ನು ಕಟ್ಟತೊಡಗಿದ್ದೆವು. ಅದರ ಪ್ರಮಾಣವು ನಿಜದ 87ರಲ್ಲೊಂದು ಪಾಲು. 2 ಮೀಟರಿನ ಬಾಗಿಲು ಅದರಲ್ಲಿ 23 ಮಿಲಿಮೀಟರ್ ಮಾತ್ರ. ರಟ್ಟಿನ ಠಾಣೆ, ಕಟ್ಟಿಗೆಯ ಸಾಮಾನುಡಬ್ಬಿ, ತಗಡಿನ ಉಗ್ರಾಣ ಎಲ್ಲವೂ ಅಳತೆಗೆ ಸರಿಯಾಗಿದ್ದವು. ಆದರೆ ನಿನ್ನೆ ಅಂಗಡಿಯಿಂದ ತಂದವುಗಳಂತೆ ಥಳಥಳಿಸುತ್ತಿದ್ದವು. ಹಳತಾಗಿ ತೋರಲೆಂದು ಎಲ್ಲದರ ಮೇಲೂ ಕಂದುಬಣ್ಣ ಬಳಿದೆವು. ಮನೆಯ ಹುಡುಗಿಯೊಬ್ಬಳು ನೋಡಿ, "ಈ ಊರಾಗ ರಾಡಿ ಮಳಿ ಆಗೇತೇನು?" ಎಂದು ಕೇಳಿದಳು. ಆ ಮಾತು ನಾಟಿತು. ನಿಜವಾದ ಊರುಗಳು ಹೇಗೆ ಹಳತಾಗುವವೆಂಬುದನ್ನು ಕಣ್ಣಾರೆ ಕಾಣಲೆಂದು ದೀಪಾವಳಿಯ ರಜೆಯಲ್ಲಿ ಬೆಳಗಾವಿ ಜಿಲ್ಲೆಯ ಉತ್ತರ ತಾಲೂಕುಗಳಿಗೆ ಹೊರಟೆವು.

ಮೊದಲು ನಿಪ್ಪಾಣಿ. ಹೊಗೆಸೊಪ್ಪಿನ ವ್ಯಾಪಾರದಿಂದ ಹೆಸರಾದ ಈ ಊರಿಗೆ ರೈಲಿಲ್ಲ. ಪುಣೆ-ಬೆಂಗಳೂರು ಹೆದ್ದಾರಿಯೇ ಅದಕ್ಕೆ ಆಧಾರ. ಅಲ್ಲಿಯ ಹಳೆಯ ತಗಡಿನ ಮಾಡುಗಳನ್ನು ಬಹಳ ಹೊತ್ತು ನೋಡಿದೆವು. ತುಕ್ಕು ತಗಡನ್ನೆಲ್ಲ ಒಮ್ಮೆಲೆ ಹಿಡಿಯುವದಿಲ್ಲ. ಮೊಳೆ ಹೊಡೆದಲ್ಲಿ ಸತುವಿನ ಲೇಪ ಹರಿದಿರುತ್ತದೆ. ತಗಡಿನ ಮೇಲೆ ತಗಡು ಕುಳಿತಲ್ಲಿ ನೀರು ನಿಲ್ಲುತ್ತದೆ. ತುಕ್ಕು ಅಲ್ಲಿ ಹುಟ್ಟಿ, ನೀರು ಹರಿದ ದಾರಿಯಲ್ಲಿಯೇ ಕೆಳಗಿಳಿಯುತ್ತದೆ.

ಚಿಕ್ಕೋಡಿಯ ಬೀದಿಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ನಾವು ಕರಿಮಣ್ಣಿನ ನಾಡೆಂದು ಕಪ್ಪುಬಣ್ಣವನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದೆವು. ಆದರೆ ಆ ಮಣ್ಣು ಒಣಗಿದ ಮೇಲೆ ಬೂದಿಬಣ್ಣಕ್ಕೆ ತಿರುಗುತ್ತದೆ. ಅದು ಗಾಲಿಗಳ ಮೇಲೆ ದಪ್ಪನಾಗಿಯೂ ಮಗ್ಗುಲಲ್ಲಿ ತೆಳ್ಳಗಾಗಿಯೂ ಇರುತ್ತದೆ. ಚಾಲಕನು ನಿತ್ಯ ಕೈಯಿಟ್ಟು ಹತ್ತುವಲ್ಲಿ ಮಾತ್ರ ಬಣ್ಣ ಸವೆದು ಕಬ್ಬಿಣವೇ ಹೊಳೆಯುತ್ತದೆ.

ಚಿಕ್ಕೋಡಿ ರೋಡ್ ಎಂಬ ಠಾಣೆಯು ಊರಿಂದ ಬಹು ದೂರ. ಅಲ್ಲಿ ರೈಲು ಹಿಡಿದು ರಾಯಬಾಗದಲ್ಲಿ ಇಳಿದೆವು. 1882ರಲ್ಲಿ ಸ್ಥಾಪಿತವಾಗಿ 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಕೂಡಿಕೊಂಡ ಸದರ್ನ್ ಮರಾಠಾ ಕಂಪನಿಯವರು ಹಾಕಿದ ಮೀಟರ್ ಗೇಜ್ ದಾರಿಯಿದು. ಈಗ ಹಳಿಗಳ ಅಂತರ 1676 ಮಿಲಿಮೀಟರ್. ಉಗಿಬಂಡಿಯ ಕಾಲದ ಮಸಿ ಹೋಗಿದೆ. ಹಳಿಯ ತಲೆ ಗಾಲಿ ತಿಕ್ಕಿ ಬೆಳ್ಳಿಯಂತಿದ್ದರೆ ಮಗ್ಗುಲು ತುಕ್ಕಿನ ಕಂದು. ನಾವು ಗೋಡೆಯೊಂದರ ಚಿತ್ರ ಬರೆದುಕೊಳ್ಳುತ್ತಿರಲು, ಹಿಂದೆ ಹಳಿಯ ಕೆಲಸ ಮಾಡಿದ್ದ ವೃದ್ಧರೊಬ್ಬರು ನಮ್ಮ ಪುಸ್ತಕದಲ್ಲಿಣುಕಿ, "ಸಾಹೇಬ್ರ, ನಾಕೂ ಗ್ವಾಡಿಗೆ ಪಾಚಿ ಬರದೀರಲ್ರಿ, ಮಳಿ ನಾಕೂ ಕಡಿಂದ ಬರ್ತೈತೇನ್ರಿ?" ಎಂದರು. ಮುಂಗಾರು ನೈಋತ್ಯದಿಂದ ಬೀಸುವದು. ಪಾಚಿ, ಕಪ್ಪುಗೆರೆಗಳು ಆ ಮಗ್ಗುಲಿಗೇ ಹೆಚ್ಚು. ಸೂರಿನ ಹನಿ ನೆಲಕ್ಕೆ ಬಿದ್ದು ಸಿಡಿದ ಮಣ್ಣು ಗೋಡೆಯ ಬುಡದಲ್ಲಿ ಅಂಚು ಕಟ್ಟುವದು. ನಾವು ನಾಚಿ ಮೂರು ಗೋಡೆಗಳ ಪಾಚಿಯನ್ನು ಅಳಿಸಿದೆವು.

ಮರುದಿನ ಶೇಡಬಾಳದಲ್ಲಿಳಿದು ಕಾಗವಾಡವನ್ನು ನೋಡಿಕೊಂಡು ಅಥಣಿಗೆ ಹೋದೆವು. ಅಥಣಿಯ ಚರ್ಮದ ಚಪ್ಪಲಿಗಳು ಪ್ರಸಿದ್ಧವಾಗಿವೆ. ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರಿನಿಂದ ಇಲ್ಲಿ ಚರ್ಮವನ್ನು ಹದ ಮಾಡುವರು. ಆ ಒಗರಿಗೆ ಕಬ್ಬಿಣದ ನೀರು ಸೋಂಕಿದರೆ ಕಪ್ಪಾಗುವದು. ಇದನ್ನು ನೆನೆದು ನಮ್ಮ ಕಟ್ಟಿಗೆಯ ಡಬ್ಬಿಗೂ ಒಂದು ಉಪಾಯ ಹೊಳೆಯಿತು. ಹಳೆಯ ಮೊಳೆಗಳನ್ನು ಕೆಲವು ದಿನ ಸಿರ್ಕಾದಲ್ಲಿ ನೆನೆಯಿಡಬೇಕು. ಮರಕ್ಕೆ ಮೊದಲು ಅಳಲೆಯ ಕಷಾಯವನ್ನೋ ಗಟ್ಟಿ ಚಹದ ನೀರನ್ನೋ ಹಚ್ಚಿ ಆರಿಸಿ, ಮೇಲೆ ಮೊಳೆಯ ನೀರನ್ನು ಸವರಿದರೆ, ಹೊಸ ಹಲಗೆಯು ಬಿಸಿಲುಮಳೆಯುಂಡ ಹಲಗೆಯಂತೆ ಬೂದುಗಪ್ಪಾಗುತ್ತದೆ.

ಹಿಂದಿರುಗುವಾಗ ಉಗಾರದಿಂದ ಕೃಷ್ಣೆಯನ್ನು ದಾಟಿ ಕುಡಚಿಗೆ ಬಂದೆವು. ಹೊಳೆಯ ಸಮೀಪದ ಒಂದು ಮನೆಯಲ್ಲಿ ನೀರು ಕೇಳಲು, ಆ ತಾಯಿ ನೀರಿನೊಡನೆ ಬೆಲ್ಲವನ್ನೂ ಕೊಟ್ಟು ನಮ್ಮ ಚಿತ್ರಗಳನ್ನು ನೋಡಬಯಸಿದಳು. 2019ರ ಅಗಸ್ಟಿನ ಮಹಾಪೂರದ ನೆನಪಿಗೆಂದು ನಾವು ಒಂದು ಮನೆಗೆ ಬುಡದಿಂದ ಮೊಣಕಾಲೆತ್ತರದಲ್ಲಿ ಕೆಸರಿನ ಗೆರೆ ಬರೆದಿದ್ದೆವು, ನೋಡಲಿಕ್ಕೆ ಅಂದವಾಗಿತ್ತು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೋಡೆಯ ಹತ್ತಿರ ನಿಂತು ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದಳು. "ಇಲ್ಲೀಮಟ ಬಂದಿತ್ರಿ. ಸುಣ್ಣಾ ಎರಡ ಸಲ ಹೊಡದೀವಿ, ಆದ್ರೂ ಹೊರಗ ಬರ್ತೈತ್ರಿ," ಎಂದಳು. ಸುಣ್ಣದಡಿಯಿಂದ ಮಾಸಲು ಗೆರೆಯೊಂದು ನಿಜವಾಗಿಯೂ ಕಾಣುತ್ತಿತ್ತು. ನಮಗೆ ಅಲಂಕಾರವಾಗಿದ್ದ ಗೆರೆಯು ಆಕೆಗೆ ದನಕರುಗಳನ್ನು ಬಿಚ್ಚಿ ಓಡಿದ ರಾತ್ರಿಯಾಗಿತ್ತು.

ಮನೆಗೆ ಬಂದು ಕೆಲಸವನ್ನು ಮೊದಲಿನಿಂದ ಆರಂಭಿಸಿದೆವು. ಮೊದಲು ಹೊಳಪು ತೆಗೆಯುವ ಮಾಸಲು ವಾರ್ನಿಶ್. ಆಮೇಲೆ ಸಂದುಗಳಲ್ಲಿ ಇಳಿಯುವಂತೆ ನೀರಾಗಿ ಕಲಸಿದ ಕಪ್ಪುಗಂದು. ಅದು ಆರಿದ ಬಳಿಕ, ಬಟ್ಟೆಗೆ ಒರಸಿದ ಕುಂಚದಿಂದ ಅಂಚುಗಳಿಗೆ ತಿಳಿಬಣ್ಣ. ಕಡೆಗೆ ತೆಳುಬಟ್ಟೆಯಲ್ಲಿ ಸೋಸಿದ ಮಣ್ಣಿನ ಪುಡಿ, ದೀಪದ ಕಾಡಿಗೆ. ಪ್ರತಿ ಸಲವೂ ಬೇಕೆನಿಸಿದ್ದಕ್ಕಿಂತ ತುಸು ಕಡಿಮೆಯೇ ಹಚ್ಚಬೇಕು. ಸಾಲದಿದ್ದರೆ ಮತ್ತೆ ಹಚ್ಚಬಹುದು, ಹೆಚ್ಚಾದುದನ್ನು ತೆಗೆಯುವದು ಕಷ್ಟ.

ಹೊಳೆಯ ಮನೆಯ ಗೆರೆಯನ್ನು ಮಾತ್ರ ಅಳೆದೇ ಬರೆದೆವು. ಆ ತಾಯಿಯ ಎದೆಯೆತ್ತರ ನಮ್ಮ ಪ್ರಮಾಣದಲ್ಲಿ ಒಂದೂವರೆ ಸೆಂಟಿಮೀಟರಿನಷ್ಟೂ ಆಗಲಿಲ್ಲ. ಹುಡುಗಿ ಅದೇನೆಂದು ಕೇಳಿದಳು. ನಾವು ಹೇಳಿದೆವು. ಅವಳು ಆ ಮನೆಯನ್ನೆತ್ತಿ, ಹೊಳೆಯಿಂದ ದೂರ, ದಿಣ್ಣೆಯ ಮೇಲಿಟ್ಟಳು.