ಮನೆಯ ಚಲಚ್ಚಿತ್ರಕ್ಕೆ ಕತ್ತರಿ ಯಾವದು?

ಗೃಹಸ್ಥರು ಮನೆಯಲ್ಲಿ ಜತನಮಾಡಿ ಇಡತಕ್ಕ ವಸ್ತುಗಳಲ್ಲಿ ಈಗ ಒಂದು ಹೊಸ ಜಾತಿಯು ಸೇರಿಕೊಂಡಿದೆ. ಹಿಂದೆ ಹೊಲದ ಕಾಗದಪತ್ರಗಳು, ಹಿರಿಯರ ಪಟಗಳು, ನಾಲ್ಕು ಗುಂಜಿ ಬಂಗಾರ ಇವಿಷ್ಟು ಟ್ರಂಕಿನ ತಳದಲ್ಲಿರುತ್ತಿದ್ದವು. ಈಗ ಮದುವೆ, ಕುಪ್ಪಸ, ಜವಳ, ಜಾತ್ರೆ, ಎಳ್ಳ ಅಮಾವಾಸ್ಯೆಯ ಚರಗ ಇವೆಲ್ಲವುಗಳ ಚಲಿಸುವ ಚಿತ್ರಗಳು ಮನೆಮಂದಿಯೆಲ್ಲರ ಮೊಬೈಲಿನ ಹೊಟ್ಟೆಯಲ್ಲಿ ತುಂಬಿಕೊಂಡಿವೆ. ತೆಗೆಯುವವರು ಬಹಳ, ತೆಗೆದದ್ದನ್ನು ಮತ್ತೊಮ್ಮೆ ಕೂತು ನೋಡುವವರು ಇಲ್ಲವೆಂದರೂ ಸಲ್ಲುವದು. ಕಣದಿಂದ ತಂದ ಜೋಳವನ್ನು ತೂರದೆ, ಕೇರದೆ, ಹರಳು ಆರಿಸದೆ ಹಾಗೆಯೇ ಒಲೆಗೆ ಇಟ್ಟರೆ ಉಣ್ಣುವವರಾರು? ಚಿತ್ರಗಳನ್ನೂ ಹಸನುಮಾಡಬೇಕು. ಈ ಹಸನುಮಾಡುವ ಕೆಲಸಕ್ಕೆ ಬಲ್ಲವರು ಸಂಕಲನವೆನ್ನುವರು. ಹುಡುಗರು ಎಡಿಟಿಂಗು ಎನ್ನುವರು. ಅದಕ್ಕೆ ಬೇಕಾದ ಮೊರ ಯಾವದು, ಜರಡಿ ಯಾವದು ಎಂಬದೇ ಈ ಲೇಖನದ ವಿಷಯ.

ನಮ್ಮ ಅಣ್ಣನ ಮಗನು ಉಪ್ಪಿನಬೆಟಗೇರಿಯಿಂದ ಫೋನು ಮಾಡಿ, “ಕಾಕಾ, ವಿಡಿಯೊ ಎಡಿಟ್ ಮಾಡಾಕ ಯಾವ ಸಾಫ್ಟ್‌ವೇರ್ ಛಲೋರಿ?” ಎಂದು ಕೇಳಿದನು. ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಹೇಳುವವರು ಊರಲ್ಲಿ ಹತ್ತು ಜನರಿದ್ದಾರೆ. ಆದರೆ ಹತ್ತೂ ಜನರ ಉತ್ತರಗಳು ಬೇರೆಬೇರೆ. ಸಿನೆಮಾ ಮಂದಿಯು ಯಾವದನ್ನು ಬಳಸುವರೋ ಅದೇ ಉತ್ತಮವೆಂದು ಒಬ್ಬರು, ಹಣ ಕೊಡದೆ ಸಿಕ್ಕುವದು ಯಾವದೂ ಒಳ್ಳೆಯದಲ್ಲವೆಂದು ಇನ್ನೊಬ್ಬರು. ನಾವು ಅವನಿಗೆ ಮರುಪ್ರಶ್ನೆ ಹಾಕಿದೆವು: ಯಾರ ಸಲುವಾಗಿ ಮಾಡುವಿ, ಯಾವ ಯಂತ್ರದ ಮೇಲೆ ಮಾಡುವಿ, ಎಷ್ಟು ವರ್ಷ ಬಾಳಬೇಕು?

ಈ ಮರುಪ್ರಶ್ನೆಗಳು ನಮಗೆ ಸುಮ್ಮನೆ ಹೊಳೆದವಲ್ಲ. ಕೆಲವು ವರ್ಷಗಳ ಹಿಂದೆ ಅದೇ ಊರಿನಲ್ಲಿ, ನಮ್ಮ ಮನೆಯ ಮುಂದಿನ ಚಪ್ಪರದಲ್ಲಿ, ಅಣ್ಣನ ಮಗಳ ಮದುವೆಯಾಯಿತು. ಪೇಟೆಯಿಂದ ಒಬ್ಬ ಛಾಯಾಗ್ರಾಹಕರನ್ನು ಕರೆಸಿದ್ದೆವು. ಅವರು ಮೂರು ತಾಸಿನ ಚಿತ್ರ ಮಾಡಿಕೊಟ್ಟರು. ಅದರಲ್ಲಿ ಗುಲಾಬಿಯ ಎಸಳುಗಳು ಉದುರಿದವು, ಮದುಮಕ್ಕಳು ಹೃದಯದಾಕಾರದ ಚೌಕಟ್ಟಿನಲ್ಲಿ ತಿರುಗಿದರು, ಮೋಡಗಳ ಮೇಲೆ ತೇಲಿದರು. ಆದರೆ ಸುರಗಿ ಸುತ್ತುವಾಗ ನಮ್ಮ ಸೋದರತ್ತೆಯವರು ಮುಂದಾಗಿ ಸೋಬಾನೆ ಹಾಡಿದ್ದರಲ್ಲ, ಆ ಹೊತ್ತಿನಲ್ಲಿ ಅವರ ಬಾಯಿ ಆಡುವದು ಕಾಣುತ್ತದೆ, ಕೇಳಿಬರುವದು ಮಾತ್ರ ಒಂದು ಸಿನೆಮಾ ಹಾಡು! ಮೂಲ ಚಿತ್ರಗಳನ್ನು ಕೊಡಿರೆಂದು ಕೇಳಿದಾಗ, ಅವುಗಳನ್ನು ಅಳಿಸಿಯಾಗಿದೆಯೆಂಬ ಉತ್ತರ ಬಂದಿತು. ಎರಡು ವರ್ಷಗಳಲ್ಲಿ ಅತ್ತೆಯವರು ತೀರಿಕೊಂಡರು. ಅವರು ಅಕ್ಷರ ಬಲ್ಲವರಲ್ಲ. ಅವರ ಪದಗಳನ್ನು ಬರೆದುಕೊಂಡವರೂ ಮನೆಯಲ್ಲಿ ಇರಲಿಲ್ಲ.

ಆಗ ಬಂಧುಗಳ ಮೊಬೈಲುಗಳನ್ನು ಹುಡುಕುವ ಕೆಲಸ ಆರಂಭವಾಯಿತು. ಆರು ಫೋನುಗಳಿಂದ ಒಟ್ಟು ಏಳು ತಾಸಿನಷ್ಟು ಚಿತ್ರಗಳು ಕೂಡಿದವು. ಬಹುಭಾಗ ಊಟದ ಪಂಕ್ತಿ, ಮಕ್ಕಳ ಗದ್ದಲ, ಯಾರದೋ ಬೆನ್ನು. ಆದರೂ ಒಬ್ಬ ಸೊಸೆಯ ಫೋನಿನಲ್ಲಿ ಅತ್ತೆಯವರ ಮುಖ ನಿಚ್ಚಳವಾಗಿ ಬಂದ ನಾಲ್ಕು ನಿಮಿಷಗಳಿದ್ದವು; ಹತ್ತಿರವೇ ಕೂತ ಇನ್ನೊಬ್ಬಳ ಫೋನಿನಲ್ಲಿ ಚಿತ್ರ ಕತ್ತಲೆ, ಧ್ವನಿ ಮಾತ್ರ ಸ್ಪಷ್ಟ. ಇವೆರಡನ್ನೂ ಕೂಡಿಸಬೇಕೆಂದು ಹಟತೊಟ್ಟು ನಾವು ಈ ವಿದ್ಯೆಗೆ ಕೈಹಾಕಿದೆವು. ಮುಂದೆ ಹೇಳುವದೆಲ್ಲ ಆ ನಾಲ್ಕು ನಿಮಿಷಗಳ ಸಲುವಾಗಿ ಕಲಿತದ್ದು.

ಮನೆಯವರೇ ಚಿತ್ರ ತೆಗೆಯುವದು ತೀರ ಹೊಸದಲ್ಲ. ಕೊಡಾಕ್ ಕಂಪನಿಯು 1932ರಲ್ಲಿ ಎಂಟು ಮಿಲಿಮೀಟರಿನ ಫಿಲ್ಮನ್ನೂ 1965ರಲ್ಲಿ ಸೂಪರ್ ಎಂಟು ಎಂಬದನ್ನೂ ಹೊರತಂದಿತು. ಸೂಪರ್ ಎಂಟರ ಒಂದು ಡಬ್ಬಿಯಲ್ಲಿ ಐವತ್ತು ಅಡಿ ಫಿಲ್ಮು; ಸೆಕೆಂಡಿಗೆ ಹದಿನೆಂಟು ಚಿತ್ರಗಳಂತೆ ಓಡಿಸಿದರೆ ಮೂರು ನಿಮಿಷ ಇಪ್ಪತ್ತು ಸೆಕೆಂಡುಗಳಲ್ಲಿ ಮುಗಿಯುವದು. ಆದುದರಿಂದ ತೆಗೆಯುವವನು ಯೋಚಿಸಿ ಗುಂಡಿ ಒತ್ತುತ್ತಿದ್ದನು. ಕತ್ತರಿಸುವದೆಂದರೆ ನಿಜವಾಗಿಯೂ ಅಲಗಿನಿಂದ ಕತ್ತರಿಸಿ ಅಂಟಿನಿಂದ ಕೂಡಿಸುವದೇ ಆಗಿತ್ತು. ಈಗ ಹಾಗಲ್ಲ. ಫೋನಿನಲ್ಲಿ 4ಕೆ ಎಂಬ ದೊಡ್ಡ ಚಿತ್ರ ತೆಗೆದರೆ ನಿಮಿಷಕ್ಕೆ 170ರಿಂದ 350 ಎಂ.ಬಿ.ಯವರೆಗೆ ಸ್ಥಳ ಹೋಗುವದೇ ಹೊರತು ಕೈಯಿಂದ ಕಾಸು ಹೋಗುವದಿಲ್ಲ. ಹೀಗಾಗಿ ಜಾಣತನವೆಲ್ಲ ತೆಗೆಯುವಾಗಿನಿಂದ ಹಸನುಮಾಡುವಾಗಿಗೆ ಸರಿದಿದೆ.

ಮೊದಲು ಯಂತ್ರದ ಮಾತು. ನಮ್ಮಲ್ಲಿದ್ದದ್ದು ಮಗನ ಕಾಲೇಜಿಗೆಂದು ಕೊಂಡ ಲ್ಯಾಪ್‌ಟಾಪು; ಅದರ ಸ್ಮೃತಿ 8 ಜಿ.ಬಿ. ಮಾತ್ರ. ಎಲ್ಲರೂ ಹೊಗಳುವ ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶವನ್ನು ಆಸ್ಟ್ರೇಲಿಯದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿಯು 2009ರಲ್ಲಿ ಕೊಂಡು, 2011ರಿಂದ ಅದರದೊಂದು ಆವೃತ್ತಿಯನ್ನು ಧರ್ಮಾರ್ಥವಾಗಿ ಕೊಡುತ್ತ ಬಂದಿದೆ. ದೊಡ್ಡ ದೊಡ್ಡ ಸಿನೆಮಾಗಳಿಗೆ ಬಣ್ಣ ತಿದ್ದಿದ ಕೈ ಅದು. ಮುದ್ರೆ ಒತ್ತದೆ 4ಕೆ ಚಿತ್ರವನ್ನು ಪುಕ್ಕಟೆಯಾಗಿ ಹೊರಗೆ ತೆಗೆದುಕೊಡುವದು. ಆದರೆ ಅದು 16 ಜಿ.ಬಿ. ಸ್ಮೃತಿಯನ್ನೂ ಒಳ್ಳೆಯ ಗ್ರಾಫಿಕ್ಸ್ ಕಾರ್ಡನ್ನೂ ಕೇಳುವದು. ಜೋಡೆತ್ತು ಎಳೆಯುವ ನೇಗಿಲನ್ನು ಕರುವಿನ ಹೆಗಲಿಗೆ ಕಟ್ಟಲಾಗದು. ಯಂತ್ರವುಳ್ಳವರು ಅವಶ್ಯವಾಗಿ ಅದನ್ನೇ ಕಲಿಯಲಿ. ನಾವು ಅದರ ಗೊಡವೆಗೆ ಹೋಗಲಿಲ್ಲ.

ನಾವು ಹಿಡಿದದ್ದು ಕೆಡೆನ್‌ಲೈವ್ ಎಂಬದನ್ನು. ಇದು 2002ರಲ್ಲಿ ಆರಂಭವಾದದ್ದು; ಅನೇಕ ದೇಶಗಳ ಸ್ವಯಂಸೇವಕರು ಕೂಡಿ ಬೆಳೆಸುತ್ತಿರುವದು; ಅದರ ಒಳಬರಹವು ಎಲ್ಲರಿಗೂ ತೆರೆದಿದೆ. ಇದೇ ಗುಂಪಿಗೆ ಸೇರತಕ್ಕವು ಶಾಟ್‌ಕಟ್, ಓಪನ್‌ಶಾಟ್ ಎಂಬವು. ಬಡ ಯಂತ್ರದವರಿಗೆ ಇವುಗಳಲ್ಲಿ ಒಂದು ಉಪಾಯವುಂಟು. ಅದಕ್ಕೆ ಪ್ರಾಕ್ಸಿ ಎನ್ನುವರು. ದೊಡ್ಡ ಚಿತ್ರದ ಸಣ್ಣದೊಂದು ನಕಲನ್ನು ತಂತ್ರಾಂಶವೇ ಮಾಡಿಕೊಂಡು, ನಾವು ಕತ್ತರಿಸುವಾಗಲೆಲ್ಲ ಆ ನಕಲನ್ನು ತೋರಿಸುವದು. ಕಡೆಗೆ ಸಿದ್ಧಚಿತ್ರವನ್ನು ತೆಗೆಯುವಾಗ ಮೂಲವನ್ನೇ ಬಳಸುವದು. ಇದನ್ನು ಅರಿಯದೆ ಅನೇಕರು ಹೊಸ ಲ್ಯಾಪ್‌ಟಾಪು ಕೊಳ್ಳುವ ವಿಚಾರಕ್ಕೆ ಬೀಳುತ್ತಾರೆ.

ಅತ್ತೆಯವರ ಮುಖವನ್ನೂ ಧ್ವನಿಯನ್ನೂ ಕೂಡಿಸುವಾಗ ಬಂದ ತೊಡಕನ್ನು ತುಸು ವಿಸ್ತರಿಸಿ ಹೇಳಬೇಕು. ಏಕೆಂದರೆ ಫೋನಿನಿಂದ ತೆಗೆದವರಿಗೆಲ್ಲ ಇದು ಬರತಕ್ಕದ್ದೇ. ಮೊದಲನೆಯ ನುಡಿಯಲ್ಲಿ ಬಾಯಿ ಮತ್ತು ದನಿ ಸರಿಯಾಗಿ ಕೂಡಿದವು. ಮೂರನೆಯ ನುಡಿಗೆ ಬರುವಷ್ಟರಲ್ಲಿ ದನಿ ಮುಂದೆ, ಬಾಯಿ ಹಿಂದೆ. ಕಾರಣವಿಷ್ಟೇ: ಸಿನೆಮಾದ ಕ್ಯಾಮರಾ ಸೆಕೆಂಡಿಗೆ ಇಷ್ಟೇ ಚಿತ್ರಗಳೆಂದು ತಪ್ಪದೆ ಹಿಡಿಯುವದು. ಫೋನು ಹಾಗಲ್ಲ, ಬೆಳಕು ಕಡಿಮೆಯಾದಾಗ, ಯಂತ್ರ ಬಿಸಿಯೇರಿದಾಗ, ಮೂವತ್ತು ಹಿಡಿಯುವಲ್ಲಿ ಇಪ್ಪತ್ತೇಳು ಹಿಡಿದು ಸಾಗುವದು. ಧ್ವನಿ ಮಾತ್ರ ತನ್ನ ಪಾಡಿಗೆ ಸಮನಾಗಿ ನಡೆದಿರುವದು. ಅನೇಕ ತಂತ್ರಾಂಶಗಳು ಈ ಏರಿಳಿತವನ್ನು ಲೆಕ್ಕಕ್ಕೆ ಹಿಡಿಯುವದಿಲ್ಲ. ಆದುದರಿಂದ ಕತ್ತರಿ ಹಾಕುವ ಮುಂಚೆಯೇ ಚಿತ್ರಗಳನ್ನು ಸಮವೇಗಕ್ಕೆ ತಂದುಕೊಳ್ಳಬೇಕು. ಶಾಟ್‌ಕಟ್ ಇಂಥ ಚಿತ್ರವನ್ನು ಕಂಡೊಡನೆ ತಾನಾಗಿಯೇ “ಬದಲಿಸಿಕೊಳ್ಳಲೋ?” ಎಂದು ಕೇಳುವದು, ಹ್ಯಾಂಡ್‌ಬ್ರೇಕ್ ಎಂಬ ಪುಕ್ಕಟೆ ಸಾಧನವೂ ಈ ಕೆಲಸ ಮಾಡುವದು. ಹೀಗೆ ಮಾಡಿದ ಮೇಲೆ ಉಳಿದ ಅಲ್ಪಸ್ವಲ್ಪ ಅಂತರವನ್ನು ನುಡಿನುಡಿಗೆ ಕತ್ತರಿಸಿ ಸರಿಪಡಿಸಿದೆವು. ಇದಕ್ಕೆ ಮೂರು ರಾತ್ರಿ ಹಿಡಿಯಿತು. ನಡುವೆ ಕರೆಂಟು ಎರಡು ಸಲ ಹೋಯಿತು. ತಾನಾಗಿ ಕೆಲಸವನ್ನು ಕಾದಿಡುವ ಗುಣವು ತಂತ್ರಾಂಶಕ್ಕೆ ಇದೆಯೋ ಇಲ್ಲವೋ ಎಂಬದನ್ನು ನಮ್ಮ ಕಡೆಯವರು ಮೊದಲೇ ನೋಡಿಕೊಳ್ಳುವದು ಒಳ್ಳೆಯದು.

ಇನ್ನು ಕನ್ನಡದ ಮಾತು. ತಂತ್ರಾಂಶಗಳ ಗುಣದೋಷಗಳನ್ನು ಬರೆಯುವ ಪರದೇಶದ ಪಂಡಿತರು ಇದನ್ನು ಎಂದೂ ಎತ್ತುವದಿಲ್ಲ. ನಮಗಾದರೋ ಇದು ಮೊದಲನೆಯ ಪರೀಕ್ಷೆ. ನಾವು ಪರೀಕ್ಷಿಸಿದ ಒಂದು ತಂತ್ರಾಂಶದಲ್ಲಿ ಊರ ಹೆಸರನ್ನು ಬರೆದು ನೋಡಿದಾಗ, ಒಂದು ಪಕಾರವು ಇನ್ನೊಂದರ ಕೆಳಗೆ ಒತ್ತಾಗಿ ಕೂಡ್ರದೆ ಪಕ್ಕದಲ್ಲಿಯೇ ನಿಂತು, ‘ಉಪ್’ ಒಂದು ಕಡೆಗೆ ‘ಪಿನ’ ಒಂದು ಕಡೆಗೆ ಆದವು. ಕನ್ನಡವು 1991ರ ಮೊದಲನೆಯ ಯುನಿಕೋಡಿನಲ್ಲಿಯೇ ಇದ್ದರೂ, ಅಲ್ಲಿ ಅಕ್ಷರಗಳನ್ನು ಬಿಡಿಬಿಡಿಯಾಗಿ ಸಾಲಾಗಿ ಇಟ್ಟಿರುತ್ತಾರೆ. ಒತ್ತು, ಅರ್ಕಾವೊತ್ತು, ಗುಣಿತಗಳನ್ನು ಕೂಡಿಸಿ ತೋರಿಸುವ ಹೊಣೆ ತಂತ್ರಾಂಶದ್ದು. ಎಷ್ಟೋ ತಂತ್ರಾಂಶಗಳು ಈ ಹೊಣೆಯನ್ನು ಬಹು ಕಾಲ ಹೊರಲಿಲ್ಲ. ನಮ್ಮ ಕಡೆಯ ಸ್ಟುಡಿಯೋದವರು ನುಡಿ, ಬರಹ ಇವುಗಳ ಹಳೆಯ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂಡ್ರಿಸಿ ಕೆಲಸ ಸಾಗಿಸಿದ್ದು ಈ ಕಾರಣದಿಂದಲೇ. ಆದುದರಿಂದ ಯಾವ ತಂತ್ರಾಂಶವನ್ನು ಇಳಿಸಿಕೊಂಡರೂ ಮೊದಲು ‘ಉಪ್ಪಿನಬೆಟಗೇರಿ’, ‘ಮಹಾಲಕ್ಷ್ಮೀ’, ‘ಕಾರ್ಯಕ್ರಮ’ ಎಂಬ ಮೂರು ಶಬ್ದ ಬರೆದು ನೋಡಿರಿ. ಮೂರೂ ನೆಟ್ಟಗೆ ಮೂಡಿದರೆ ಮುಂದಿನ ಮಾತು. ಅಡೋಬಿ ಪ್ರೀಮಿಯರಿನಂಥವುಗಳಲ್ಲಿ ದಕ್ಷಿಣ ಏಷ್ಯದ ಲಿಪಿಗಳ ಸಲುವಾಗಿ ಬೇರೊಂದು ಏರ್ಪಾಡನ್ನು ಆರಿಸಿಕೊಳ್ಳಬೇಕಾಗುವದು. ಕೆಡೆನ್‌ಲೈವಿನಲ್ಲಿ ನಮಗೆ ಆ ಶ್ರಮ ಬೀಳಲಿಲ್ಲ. ಏನು ಮಾಡಿದರೂ ಅಕ್ಷರ ಕೂಡದಿದ್ದರೆ, ಬೇರೆಡೆಯಲ್ಲಿ ಹೆಸರನ್ನು ಬರೆದು ಪಟವಾಗಿ ಉಳಿಸಿ, ಆ ಪಟವನ್ನೇ ಚಿತ್ರದ ಮೇಲೆ ಹೊದಿಸಬಹುದು. ಅಂತೂ ಮದುಮಗಳ ತಂದೆಯ ಹೆಸರನ್ನು ಒತ್ತು ಮುರಿದು ಬರೆದ ಚಿತ್ರವನ್ನು ಬೀಗರಿಗೆ ಕಳಿಸಬಾರದು.

ಬೆಲೆಯ ವಿಷಯದಲ್ಲಿ ಹೆಚ್ಚು ಹೇಳುವದಿಲ್ಲ. 1991ರಲ್ಲಿ ಹುಟ್ಟಿದ ಪ್ರೀಮಿಯರಿನ ಹೊಸ ಆವೃತ್ತಿಗಳು 2013ರಿಂದ ಬಾಡಿಗೆಯ ಪದ್ಧತಿಯವು; ಹೊಟ್ಟೆಪಾಡಿಗಾಗಿ ದಿನಾಲು ಬಳಸುವವರಿಗೆ ಅದು ಕಟ್ಟುವದು, ವರ್ಷಕ್ಕೆ ಎರಡು ಹಬ್ಬ ಒಂದು ಮದುವೆ ಇರುವ ನಮಗಲ್ಲ. ಪುಕ್ಕಟೆ ಎನ್ನಿಸಿಕೊಳ್ಳುವವುಗಳಲ್ಲಿಯೂ ಭೇದವುಂಟು. ಕೈನ್‌ಮಾಸ್ಟರಿನಂಥ ಮೊಬೈಲಿನ ಆ್ಯಪುಗಳು ಹಣ ಕೊಡುವವರೆಗೆ ಚಿತ್ರದ ಮೂಲೆಯಲ್ಲಿ ತಮ್ಮ ಮುದ್ರೆ ಒತ್ತುವವು. ವಿಂಡೋಸ್ 11ರ ಜೊತೆಗೆ ಬರುವ ಕ್ಲಿಪ್‌ಚಾಂಪ್ ಮುದ್ರೆ ಒತ್ತುವದಿಲ್ಲವಾದರೂ ಖಾತೆ ತೆರೆದು ಒಳಹೋಗಬೇಕು. ಆ್ಯಪಲ್ ಯಂತ್ರವುಳ್ಳವರಿಗೆ ಐಮೂವಿ ಇದ್ದೇ ಇದೆ. ಅವರು ಬೇರೆ ಹುಡುಕುವ ಕಾರಣ ನಮಗೆ ಕಾಣದು. ಎರಡು ನಿಮಿಷದ ತುಣುಕನ್ನು ವಾಟ್ಸಾಪಿನಲ್ಲಿ ಕಳಿಸುವದಷ್ಟೇ ಇದ್ದರೆ ಫೋನೇ ಸಾಕು. ಅದಕ್ಕಾಗಿ ಲ್ಯಾಪ್‌ಟಾಪು ತೆರೆಯುವದು ಒಂದು ರೊಟ್ಟಿಗಾಗಿ ಹಗೆ ತೆಗೆದಂತೆ.

ಆಯುಷ್ಯದ ಮಾತು ಇದಕ್ಕಿಂತ ದೊಡ್ಡದು. ವಿಂಡೋಸಿನ ಮೂವಿ ಮೇಕರ್ ಎಂಬದು 2000ದಲ್ಲಿ ಬಂದು ಮನೆಮನೆಯ ತಂತ್ರಾಂಶವಾಗಿತ್ತು. 2017ರ ಜನವರಿಯಲ್ಲಿ ಅದನ್ನು ಕೊಡುವದು ನಿಂತಿತು. 2020ರ ಜೂನ್ 29ರಂದು ಭಾರತ ಸರಕಾರವು ಐವತ್ತೊಂಬತ್ತು ಚೀನೀ ಆ್ಯಪುಗಳನ್ನು ನಿಷೇಧಿಸಿದಾಗ, ಟಿಕ್‌ಟಾಕಿನ ಸಂಗಡ ವಿವಾ ವಿಡಿಯೊ ಎಂಬ ಸಂಕಲನದ ಆ್ಯಪೂ ಹೋಯಿತು. ಇಲ್ಲಿ ಗೃಹಸ್ಥರು ಒಂದು ಸಂಗತಿಯನ್ನು ತಿಳಿಯತಕ್ಕದ್ದುಂಟು. ಸಂಕಲನ ಮಾಡುವಾಗ ತಂತ್ರಾಂಶವು ಮೂಲ ಚಿತ್ರವನ್ನು ಮುಟ್ಟುವದೇ ಇಲ್ಲ. ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕೆಂಬ ಯಾದಿಯೊಂದನ್ನು ಮಾತ್ರ ಬರೆದುಕೊಳ್ಳುವದು. ಈ ಯಾದಿಗೆ ಪ್ರಾಜೆಕ್ಟು ಎನ್ನುವರು. ಒಂದು ತಂತ್ರಾಂಶದ ಯಾದಿಯನ್ನು ಇನ್ನೊಂದು ಓದುವದು ಅಪರೂಪ. ಯಾದಿಯೊಂದನ್ನೇ ಕಾದಿಟ್ಟು, ಸಿದ್ಧಚಿತ್ರವನ್ನು ಹೊರತೆಗೆಯದೆ ಬಿಟ್ಟವನ ಬಳಿಯಲ್ಲಿ ತಂತ್ರಾಂಶ ಹೋದ ದಿನ ಉಳಿಯುವದು ಅಡಿಗೆಯಲ್ಲ, ಅಡಿಗೆಯ ಸಾಮಾನಿನ ಚೀಟಿ. ಕೆಡೆನ್‌ಲೈವಿನಂಥ ತೆರೆದ ತಂತ್ರಾಂಶಗಳನ್ನು ನಾವು ಮೆಚ್ಚುವದು ಹಣದ ಉಳಿತಾಯಕ್ಕಿಂತ ಹೆಚ್ಚಾಗಿ ಈ ಕಾರಣದಿಂದ: ಅವುಗಳ ಹಳೆಯ ಆವೃತ್ತಿಗಳನ್ನು ಯಾರೂ ಕಸಿದುಕೊಳ್ಳಲಾರರು.

ಮೂಲವನ್ನು ಮುಟ್ಟುವದಿಲ್ಲವೆಂಬ ಈ ಗುಣದಿಂದ ಇನ್ನೊಂದು ಉಪಕಾರವಾಯಿತು. ಏಳು ತಾಸನ್ನು ಇಪ್ಪತ್ತನಾಲ್ಕು ನಿಮಿಷಕ್ಕೆ ಇಳಿಸುವಾಗ ಮನೆಯಲ್ಲಿ ನಡೆದ ವಾದವಿವಾದಗಳನ್ನು ಬರೆದರೆ ಬೇರೊಂದು ಲೇಖನವಾದೀತು. ಭಾವನವರ ಕುಣಿತವಿರಲೋ ಬೇಡವೋ? ದೂರದಿಂದ ಬಂದವರು ಒಂದು ಕ್ಷಣವಾದರೂ ಕಾಣಬೇಡವೇ? ನಮ್ಮ ಮನೆಯವರು ಪಕ್ಕದಲ್ಲಿ ಕೂತು, “ಇದನ್ನ ತಗೀರಿ, ಅದನ್ನ ಮಾತ್ರ ಮುಟ್ಟಬ್ಯಾಡ್ರಿ” ಎಂದು ಹೇಳುತ್ತಿದ್ದರು. ಹೆಚ್ಚಾಗಿ ಅವರದೇ ಸರಿಯಿತ್ತು. ತೆಗೆದದ್ದೆಲ್ಲ ಮೂಲದಲ್ಲಿ ಇದ್ದೇ ಇರುವದೆಂಬ ಧೈರ್ಯವಿಲ್ಲದಿದ್ದರೆ ಕತ್ತರಿ ಓಡುತ್ತಿರಲಿಲ್ಲ. ಎಸಳು ಉದುರಿಸುವ, ಮೋಡ ತೇಲಿಸುವ ಚಮತ್ಕಾರಗಳು ಕೆಡೆನ್‌ಲೈವಿನಲ್ಲಿಯೂ ಬೇಕಾದಷ್ಟಿವೆ, ಒಂದನ್ನೂ ಬಳಸಲಿಲ್ಲ. ಸೋಬಾನೆಯ ನಾಲ್ಕು ನಿಮಿಷಗಳನ್ನು ಒಂದು ಸೆಕೆಂಡೂ ಕಡಿಯದೆ ಇಟ್ಟೆವು.

ಸಿದ್ಧಚಿತ್ರವನ್ನು ಎಲ್ಲ ಯಂತ್ರಗಳೂ ಓದುವ ಎಂಪಿ4 ರೂಪದಲ್ಲಿ, ಎಚ್.264 ಪದ್ಧತಿಯಲ್ಲಿ ಹೊರತೆಗೆದು, ಮೂಲ ಚಿತ್ರಗಳನ್ನೂ ಯಾದಿಯನ್ನೂ ಒಂದೇ ಕಡತದಲ್ಲಿ ಕೂಡಿಸಿ, ಒಂದು ಪ್ರತಿಯನ್ನು ನಮ್ಮಲ್ಲಿ, ಒಂದನ್ನು ಉಪ್ಪಿನಬೆಟಗೇರಿಯ ಅಣ್ಣನಲ್ಲಿ, ಒಂದನ್ನು ಪುಣೆಯ ತಂಗಿಯಲ್ಲಿ ಇಟ್ಟೆವು. ಊರಲ್ಲಿ ಅದನ್ನು ಟೀವಿಯ ಮೇಲೆ ಹಾಕಿದ ದಿನ ಅತ್ತಿಗೆಯವರು ಫೋನು ಮಾಡಿ, ಅತ್ತೆಯವರ ಸಂಗಡ ಸೊಲ್ಲೆತ್ತಿ ಹಾಡಿದ ಹೆಣ್ಣುಮಕ್ಕಳ ಹೆಸರುಗಳನ್ನು ಕೆಳಗೆ ಬರೆಯಬೇಕೆಂದು ಹೇಳಿದರು. ಐವರಲ್ಲಿ ಮೂವರನ್ನು ನಾವು ಬಲ್ಲೆವು. ಉಳಿದ ಇಬ್ಬರ ಚಿತ್ರವನ್ನು ನಿಲ್ಲಿಸಿ, ಪಟ ತೆಗೆದು ಊರಿಗೆ ಕಳಿಸಿದೆವು. ಅಣ್ಣನ ಮಗನು ಆ ಪಟವನ್ನು ಹಿಡಿದು ಓಣಿಯಲ್ಲಿ ನಾಲ್ಕು ಮನೆ ತಿರುಗಿ, ಸಂಜೆಗೆ ಎರಡೂ ಹೆಸರುಗಳನ್ನು ತಿಳಿಸಿದನು. ಒಂದು ಹೆಸರಿನಲ್ಲಿ ಒತ್ತಕ್ಷರವಿತ್ತು. ಅದು ನೆಟ್ಟಗೆ ಮೂಡಿತು. ಆ ರಾತ್ರಿಯೇ ಚಿತ್ರವನ್ನು ಮತ್ತೊಮ್ಮೆ ಹೊರತೆಗೆದು ಮೂರೂ ಕಡೆಗೆ ಕಳಿಸಿದೆವು.