ಬಸ್ಸು ಬಂದೈತಿ

ನಮ್ಮ ಕಾಲಕ್ಕೆ ಅಣ್ಣಿಗೇರಿ ಸುತ್ತಿನ ಹಳ್ಳಿಗಳಲ್ಲಿ ಇಂಗ್ಲಿಷ್ ಅಂದರೆ ಐದನೇ ಇಯತ್ತೆಗೆ ಬರುವ ಜ್ವರ. ನಾಲ್ಕರವರೆಗೆ ಆರಾಮಿದ್ದ ಹುಡುಗರು ಐದಕ್ಕೆ ಕಾಲಿಟ್ಟಿದ್ದೇ ‘ಗೋ, ವೆಂಟ್, ಗಾನ್’ ಎಂದು ಕನವರಿಸುತ್ತಿದ್ದೆವು. ‘ಕಟ್, ಕಟ್, ಕಟ್’, ‘ಪುಟ್, ಪುಟ್, ಪುಟ್’ ನಮ್ಮ ಅಚ್ಚುಮೆಚ್ಚಿನ ಕ್ರಿಯಾಪದಗಳು. ಮೂರು ಕಾಲಕ್ಕೂ ಒಂದೇ ಅಂಗಿ ತೊಡುವ ಬಡ ಸಜ್ಜನರು. ‘ಗೋ’ ಹೋಗಿ ‘ವೆಂಟ್’ ಹೆಂಗಾತ್ರಿ ಎಂದು ಒಬ್ಬ ಕೇಳಿದ್ದಕ್ಕೆ ಮಾಸ್ತರರು, “ಹೋಗಿದ್ದು ಹೋತು, ನೀ ಬಾಯಿಪಾಠ ಮಾಡು” ಅಂದಿದ್ದರು. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ಬಂದಿದೆ. ಜ್ವರ ನಾಲ್ಕು ವರ್ಷ ಮುಂಚೆ ಹತ್ತುತ್ತದೆ, ಅಷ್ಟೇ.

ಶಬ್ದಕ್ಕೇನೂ ನಮ್ಮಲ್ಲಿ ಬರವಿರಲಿಲ್ಲ. ನಮ್ಮವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಅಪ್ಪನಿಗೆ, “ಲೋನ್ ರಿನ್ಯೂ ಮಾಡಿಸಿಕೊಂಡು ಬರ್ರಿ, ಲೇಟ್ ಮಾಡಬ್ಯಾಡ್ರಿ” ಅನ್ನುತ್ತಿದ್ದಳು. ಹತ್ತಿ ಮಾರಿ ಬಂದ ಅಪ್ಪ ಪಟಗಾ ಬಿಚ್ಚುತ್ತ, “ರೇಟ್ ಡೌನ್ ಆಗೈತಿ” ಅನ್ನುತ್ತಿದ್ದ. ಇಂಗ್ಲಿಷ್ ಕ್ರಿಯಾಪದ ನಮ್ಮ ಎರಿ ಹೊಲಕ್ಕೆ ಬಂದರೆ ನೊಗಕ್ಕೆ ಹೆಗಲು ಕೊಡುವುದಿಲ್ಲ. ಎಳೆಯುವುದು ‘ಮಾಡು’, ‘ಆಗು’ ಎಂಬ ನಮ್ಮ ಜೋಡೆತ್ತು. ‘ಟ್ರೈ ಮಾಡಾಕತ್ತೇನಿ’, ‘ಪಾಸಾಗ್ಯಾನ’, ‘ಫೇಲಾಗಿದ್ದಿ’ — ಕಾಲ, ಲಿಂಗ, ವಚನ ಅಷ್ಟೂ ಭಾರ ಎತ್ತುಗಳ ಮೇಲೆ. ಇಂಗ್ಲಿಷು ಗಾಡಿಯಲ್ಲಿ ಹತ್ತಿ ಅಂಡಿಗೆಯ ಹಾಗೆ ಕೂತಿರುತ್ತದೆ. ಹೀಗಾಗಿ ಸಾವಿರ ಶಬ್ದ ಬಲ್ಲವನಿಗೂ ಒಂದು ವಾಕ್ಯ ಕಟ್ಟು ಅಂದರೆ ಬೆವರು ಬರುತ್ತದೆ.

ಮಾತುಕತೆಯದಂತೂ ಬೇರೆಯೇ ಫಜೀತಿ. ಅಣ್ಣ ಹುಬ್ಬಳ್ಳಿಯಿಂದ ರಾಪಿಡೆಕ್ಸ್ ಪುಸ್ತಕ ತಂದಿದ್ದ. ಅದರ ಜಾಹೀರಾತಿನಲ್ಲಿ ಕಪಿಲ್ ದೇವ್ ಇರುತ್ತಿದ್ದರು, ನಮಗೆ ಅಷ್ಟು ಸಾಕಿತ್ತು. ಇಬ್ಬರೂ ಕಣದಲ್ಲಿ ಕೂತು ‘ಹೌ ಆರ್ ಯು’ ಅಭ್ಯಾಸ ಮಾಡಿದೆವು. ಮೊದಲ ಸಂದರ್ಶನದಲ್ಲಿ ನನ್ನ ಬಾಯಿಂದ ಬಂದದ್ದು ‘ಎಸ್ ರೀ’. ಮೇಜಿನಾಚೆಯವರು ನಕ್ಕರು. ನಾನೇನು ಮಾಡಲಿ? ಹಿರಿಯರಿಗೂ ಕಿರಿಯರಿಗೂ ಒಂದೇ ‘ಯು’ ಇಟ್ಟ ಭಾಷೆಯಲ್ಲಿ ಮರ್ಯಾದೆಯನ್ನು ಎಲ್ಲಿ ಸಿಗಿಸಬೇಕು ತಿಳಿಯದೆ ‘ರೀ’ ಹಚ್ಚಿದ್ದೆ. ಇವತ್ತಿಗೂ ಅದು ತಪ್ಪು ಅಂತ ನನಗೆ ಅನಿಸಿಲ್ಲ.

ಮೊನ್ನೆ ಊರಿಗೆ ಹೋದಾಗ ಅವ್ವನನ್ನು ನವಲಗುಂದದ ಬಸ್ಸು ಹತ್ತಿಸಲು ತಮ್ಮನ ಮಗಳೂ ಜೊತೆಗೆ ಬಂದಳು. ಎಂಟನೇ ಇಯತ್ತೆ. ಬಗಲಲ್ಲಿ ನೋಟ್‌ಬುಕ್ಕು, ಅದರಲ್ಲಿ ಹನ್ನೆರಡು ಮನೆಯ ಟೆನ್ಸ್ ಕೋಷ್ಟಕ, ಪ್ರೆಸೆಂಟ್ ಪರ್ಫೆಕ್ಟ್ ಮನೆಯ ಮೇಲೆ ಕೆಂಪು ಶಾಯಿ. “ದೊಡ್ಡಪ್ಪಾ, ಹಿ ಕೇಮ್ ಅಂದ್ರೂ ಬಂದ, ಹಿ ಹ್ಯಾಜ್ ಕಮ್ ಅಂದ್ರೂ ಬಂದ. ಎರಡ್ಯಾಕ ಬೇಕು?” ಡಿಗ್ರಿ ಮುಗಿಸಿದ ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಅಷ್ಟರಲ್ಲಿ ಕಟ್ಟೆಯ ಮೇಲಿನ ಮುದುಕನೊಬ್ಬ ದೂರದ ಧೂಳು ನೋಡಿ, “ಬಸ್ ಬರಾಕತ್ತೈತಿ” ಅಂದ. ತಿರುವಿನಲ್ಲಿ ಮೂತಿ ಕಂಡದ್ದೇ ಹುಡುಗರು, “ಬಸ್ ಬಂತು!” ಎಂದು ಕೂಗಿದರು. ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದವನೊಬ್ಬ ಮೊಬೈಲಿನಲ್ಲಿ, “ಲಗೂ ಬಾ, ಬಸ್ ಬಂದೈತಿ” ಎಂದು ಒದರಿದ. ಅವ್ವ ಹತ್ತಿದಳು, ಬಸ್ಸು ಹೋಯಿತು. ಏದುಸಿರು ಬಿಡುತ್ತ ಓಡಿಬಂದ ಆ ಗೆಳೆಯನಿಗೆ ಚಹಾದಂಗಡಿಯವನು ಗ್ಲಾಸು ತೊಳೆಯುತ್ತಲೇ ಹೇಳಿದ: “ಬಸ್ ಬಂದಿತ್ತಲ್ಲೋ!”

“ಬಂತು, ಬಂದೈತಿ, ಎರಡೂ ಒಂದೇ ಏನ?” ಎಂದು ಹುಡುಗಿಯನ್ನು ಕೇಳಿದೆ.

“ಹೆಂಗ ಒಂದಾಗ್ತಾವ? ಬಂದೈತಿ ಅಂದ್ರ ಇನ್ನೂ ಇಲ್ಲೇ ನಿಂತೈತಿ.” ಅಂದವಳೇ ನೋಟ್‌ಬುಕ್ಕು ನೋಡಿದಳು. “ಹಂಗಾರ ಹ್ಯಾಜ್ ಕಮ್ ಅಂದ್ರ... ಬಂದೈತಿ!”

ಜರ್ಮನಿಯ ಕಿಟೆಲ್ 1853ರಲ್ಲಿ ಬಂದು ಕನ್ನಡ ಕಲಿತು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು, 1903ರಲ್ಲಿ ಕನ್ನಡದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು ಕೊಟ್ಟರು. ಅವರು ಒಂದು ಭಾಷೆಯ ಪಕ್ಕ ಇನ್ನೊಂದನ್ನು ಇಟ್ಟು ನೋಡಿದವರು. ನಾವೋ, ಹುಡುಗರ ಇಂಗ್ಲಿಷಿನ ಪಕ್ಕ ಗೈಡಿನ ‘ಬಂದಿರುತ್ತಾನೆ’ಯನ್ನು ಇಡುತ್ತೇವೆ. ಕಲಘಟಗಿಯಲ್ಲಾಗಲಿ ಕುಂದಗೋಳದಲ್ಲಾಗಲಿ, ಮನೆಗೆ ಬಂದ ಬೀಗರನ್ನು ಹೀಗೆ ಯಾರು ಸಾರುತ್ತಾರೆ? ಒಂದು ಭಾಷೆ ಕಲಿಯಲು ಕೂತ ಕೂಸು ಎರಡು ಕಲಿಯಬೇಕಾಗುತ್ತದೆ.

ಹಾಗಂತ ಎಲ್ಲ ಸರಾಗವಲ್ಲ. ‘ಮಾಮಾ ನಿನ್ನಿ ಬಂದಾನ’ ಎಂದು ನಾವು ಅನ್ನಬಹುದು. ಇಂಗ್ಲಿಷ್ ಮಾತ್ರ ‘ಯೆಸ್ಟರ್‌ಡೇ’ಯನ್ನು ‘ಹ್ಯಾಜ್ ಕಮ್’ ಪಕ್ಕ ಕೂರಗೊಡುವುದಿಲ್ಲ. ನಾನು ಇಪ್ಪತ್ತು ವರ್ಷ ಕೂರಿಸಿಯೇ ನೌಕರಿ ಮಾಡಿದೆ. ಸಂಬಳ ನಿಂತಿಲ್ಲ, ಆ ಮಾತು ಬೇರೆ.

ನಮ್ಮ ಕಡೆಯ ಮಾಸ್ತರರಲ್ಲಿ, ಅಕ್ಕೋರಲ್ಲಿ ಒಂದೇ ವಿನಂತಿ. ಹಲಗೆಯ ಮೇಲೆ ಹನ್ನೆರಡು ಮನೆ ಗೆರೆ ಎಳೆಯುವ ಮೊದಲು ಹುಡುಗರನ್ನು ಒಮ್ಮೆ ಕೇಳಿ ನೋಡ್ರಿ: ಬಸ್ ಬಂತೋ, ಬಂದೈತೋ, ಬಂದಿತ್ತೋ?